ಗೆರೆ ಎಳೆದ ಹಾಗೆ ಎದ್ದ ಚುಕ್ಕೆಗಳು

ನನ್ನ ಗಂಡ ಗೋಡೆಗೆ ಬಣ್ಣ ಬಳಿಯುವವರು. ಮೂವತ್ತು ವರ್ಷದಲ್ಲಿ ಮೈಮೇಲೆ ಚುಕ್ಕೆಯಿಲ್ಲದೆ ಮನೆಗೆ ಬಂದವರೇ ಅಲ್ಲ. ಹಾಗಾಗಿ ಅವರ ಹೊಟ್ಟೆ, ಬೆನ್ನು, ತೋಳಿನ ತುಂಬ ಕೆಂಪು ಚುಕ್ಕೆ ಕಂಡಾಗ ಯಾರ ಮನೆ ಬಾಗಿಲಿಗೆ ಕೆಂಪು ಬಳಿಯುತ್ತಿದ್ದೀರಿ ಎಂದು ಕೇಳಿದೆ. ಬಿಳಿ ಬಳಿಯುತ್ತಿದ್ದೇನೆ ಎಂದರು. ಆಮೇಲೆ ಇಬ್ಬರೂ ಕಿಟಕಿಯ ಬೆಳಕಿಗೆ ಬಂದು ನೋಡಿದೆವು. ಬೇಳೆಗಾತ್ರದ ಚುಕ್ಕೆಗಳು, ನೂರಕ್ಕೆ ಕಡಿಮೆಯಿಲ್ಲ, ಒಂದೊಂದರ ಮೇಲೂ ಬಿಳಿ ಹೊಟ್ಟು.

ಹಿಂದಿನ ದಿನವಷ್ಟೇ ಮಗಳು ಎರಡು ತಿಂಗಳ ಕೂಸಿನೊಂದಿಗೆ ನಮ್ಮಲ್ಲಿರಲು ಬಂದಿದ್ದಳು. ನಮಗೆ ಮೊದಲ ಮೊಮ್ಮಗಳು. ವಾಸಿಯಾಗುವ ತನಕ ಕೂಸನ್ನು ಮುಟ್ಟುವ ಹಾಗಿಲ್ಲ ಎಂದು ನಾನು ಕಟ್ಟಪ್ಪಣೆ ಮಾಡಿದೆ. ಅವರು ಕೋಣೆಯ ಹೊಸ್ತಿಲಾಚೆ ನಿಂತು ಕೂಸಿಗೆ ಸಿಳ್ಳೆ ಹಾಕುತ್ತಿದ್ದರು. ನನಗೇನೂ ಕನಿಕರ ಬರಲಿಲ್ಲ, ಸುಳ್ಳೇಕೆ ಹೇಳಲಿ.

ಔಷಧಿ ಅಂಗಡಿಯವನು ಹುಳುಕಡ್ಡಿ ಎಂದು ಮುಲಾಮು ಕೊಟ್ಟ. ಹತ್ತು ದಿನ ಹಚ್ಚಿದರೂ ಚುಕ್ಕೆ ಹೋಗುವ ಬದಲು ಹೆಚ್ಚಾದವು. ಡಾಕ್ಟರಿಗೆ ತೋರಿಸೋಣವೆಂದರೆ ಇವರು ಹಿಡಿದ ಮೊಲಕ್ಕೆ ಮೂರೇ ಕಾಲು. ಮುಲಾಮು ಒಳ್ಳೆಯದೇ, ಹಿಡಿಯುತ್ತಿಲ್ಲ ಅಷ್ಟೆ ಎಂದು ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ದಿನಾ ಅರ್ಧ ಗಂಟೆ ಒಳಗಿನಿಂದ ಸರಸರ ಸದ್ದು ಬರುತ್ತಿತ್ತು.

ಕೊನೆಗೆ ಮಗಳು ಗದರಿಸಿದ ಮೇಲೆ ಚರ್ಮದ ಡಾಕ್ಟರಮ್ಮನ ಬಳಿ ಹೋದೆವು. ಅವರು ಅಂಗಿ ಬಿಚ್ಚಿಸಿ ಬೆನ್ನು ನೋಡಿದರು. ಅಲ್ಲಿ, ಕೈ ಎಟುಕದ ಕಡೆ, ಚುಕ್ಕೆಗಳು ಎಲ್ಲೆಂದರಲ್ಲಿ ಚೆಲ್ಲಿದ್ದವು. ಹೊಟ್ಟೆಯ ಮೇಲೆ ಮಾತ್ರ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ನಿಂತಿದ್ದವು.

"ಇಷ್ಟು ನೇರವಾಗಿ ಯಾವ ಕಾಯಿಲೆನೂ ತಾನಾಗೇ ಏಳಲ್ಲ. ಇಲ್ಲೇನು ಮಾಡಿದ್ರಿ?"

ಇವರು ಮೇಲಿನ ಸೂರು ನೋಡಿದರು. "ಸ್ಯಾಂಡ್‌ಪೇಪರ್ ಹಾಕಿದೆ. ಒರಟಿನದಲ್ಲ, ನಯದ್ದು."

ಸಿಪ್ಪೆ ಏಳುವ ಗೋಡೆಗೆ ಉಜ್ಜದೆ ಬಣ್ಣ ಹಚ್ಚುವವನು ಬಣ್ಣದವನೇ ಅಲ್ಲವಂತೆ. ಒಂದೇ ದಿಕ್ಕಿಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ದೂಳು ಒರೆಸಿ, ಮುಲಾಮು ಬಳಿದು, ಒಣಗಿದ ಮೇಲೆ ಎರಡನೇ ಕೋಟು ಕೊಟ್ಟಿದ್ದರಂತೆ. ನಾನು ತಲೆ ಮೇಲೆ ಕೈಹೊತ್ತೆ. ಕೆರೆದು ಹುಣ್ಣು ಮಾಡಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿಕೊಂಡವರು ಇವರೊಬ್ಬರೇ.

ಡಾಕ್ಟರಮ್ಮ ನಗು ನುಂಗಿಕೊಂಡು, ಚುಕ್ಕೆ ಏಳುವ ಎರಡು ಮೂರು ವಾರ ಮೊದಲು ಗಂಟಲು ನೋವಿತ್ತೇ ಎಂದು ವಿಚಾರಿಸಿದರು. ಇವರು ಇಲ್ಲವೆಂದರು. ಇತ್ತು ಎಂದೆ ನಾನು. ಐದು ದಿನ ಇವರಿಗೆ ಸ್ವರ ಹೊರಡದೆ ಮನೆ ತಣ್ಣಗಿತ್ತು, ಅಂಥ ದಿನಗಳನ್ನು ಮರೆಯಲಾದೀತೇ. ಡಾಕ್ಟರಮ್ಮ ಗಂಟಲನ್ನೂ ಪರೀಕ್ಷಿಸಿ, ಇದು ಸೋರಿಯಾಸಿಸ್‌ನ ಒಂದು ಬಗೆ, ಗಂಟಲಿನ ಸೋಂಕು ಇದನ್ನು ಕೆಣಕುತ್ತದೆ, ಉಜ್ಜಿದ ಕಡೆಯೆಲ್ಲ ಹೊಸದಾಗಿ ಏಳುತ್ತದೆ ಎಂದು ಬಿಡಿಸಿ ಹೇಳಿದರು. ಬೇರೆ ಮುಲಾಮು ಬರೆದರು, ಚರ್ಮ ಒಣಗದಂತೆ ಹಚ್ಚಲು ಕ್ರೀಮು ಬರೆದರು. ಪೂರ್ತಿ ಹೋಗಲು ಎರಡು ಮೂರು ತಿಂಗಳಾಗಬಹುದು ಎಂದರು.

"ಇದು ಯಾರಿಗೂ ಅಂಟಲ್ಲ," ಎಂದೂ ಹೇಳಿದರು.

ಇವರು ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿದರು. "ಮೊದಲನೇ ದಿನಾನೂ ಅಂಟ್ತಿರಲಿಲ್ವಾ?"

"ಇಲ್ಲ. ಯಾಕೆ?"

"ಮನೇಲಿ ಮೊಮ್ಮಗಳಿದಾಳೆ. ಬೇಗ ಹೋಗ್ಲಿ ಅಂತ ಉಜ್ಜಿದೆ."

ಆ ಸರಸರ ಸದ್ದನ್ನು ಹತ್ತು ದಿನ ಕೇಳಿಯೂ ಏನೆಂದು ಒಂದು ಮಾತು ಕೇಳಿರಲಿಲ್ಲ ನಾನು. ಮನೆಗೆ ಬಂದವಳೇ ಕೂಸನ್ನು ತಂದು ಅವರ ಕೈಗೆ ಕೊಟ್ಟೆ. ಹಸಿ ಬಣ್ಣದ ಬಾಗಿಲು ಹಿಡಿದವರ ಹಾಗೆ ಮೈಗೆ ತಾಗಿಸದೆ ಎತ್ತಿಕೊಂಡರು. ಸಿಳ್ಳೆಯ ಗುರುತು ಸಿಕ್ಕಿತೋ ಏನೋ, ಕೂಸು ಅವರ ಬಾಯಿಯನ್ನೇ ನೋಡುತ್ತಿತ್ತು. ಅವರು ಮಾತ್ರ ನನ್ನ ಮುಖ ನೋಡಿದರು.

"ಎಷ್ಟು ಹೊತ್ತು ಇಟ್ಕೋಬಹುದು?" ಎಂದು ಕೇಳಿದರು.

ನನಗೆ ಅಳು ಬಂದುಬಿಟ್ಟಿತು.