ವೃಂದಾ ಎಲ್ಲಿ ಕೂಡಬೇಕು?

ಬೆಳಗಾದರೆ ವೃಂದಾಗೆ ಒಂದೇ ಚಿಂತೆ. ಇವತ್ತು ಎಲ್ಲಿ ಕೂಡಬೇಕು?

ರಾಯಚೂರಿನ ಹಳೇ ಓಣಿಯೊಂದರಲ್ಲಿ ಅವರದು ಸಣ್ಣ ಮನೆ. ಗಂಡ ಗುರುಪ್ರಸನ್ನ ಮಾನ್ವಿಯ ಹೈಸ್ಕೂಲಿನಲ್ಲಿ ಮಾಸ್ತರ. ಏಳೂವರೆ ಬಸ್ಸಿಗೆ ಹೋದರೆ ಮನೆ ಸೇರುವುದು ಸಂಜೆ ಆರಕ್ಕೆ. ಅತ್ತೆ ಜಯಾಬಾಯಿಗೆ ಅರವತ್ತೆಂಟು ವರ್ಷ. ವೃಂದಾ ಮನೆಯಲ್ಲೇ ಕೂತು ಕೆಲಸ ಮಾಡುವವಳು. ಕಿವಿ ಕೇಳದ ಮಕ್ಕಳಿಗೆ ವಿಡಿಯೋ ಪಾಠ ಮಾಡುವ ಒಂದು ಸಂಸ್ಥೆ ಅವಳಿಗೆ ಪಾಠ ಕಳಿಸುತ್ತದೆ. ಟೀಚರ್ ಆಡಿದ ಮಾತನ್ನೆಲ್ಲ ಕೇಳಿ ಕೇಳಿ, ಚಿತ್ರದ ಕೆಳಗೆ ಕನ್ನಡದಲ್ಲಿ ಟೈಪ್ ಮಾಡಬೇಕು. ದೇವದುರ್ಗ, ಮಸರಕಲ್ ಕಡೆಯ ಮಕ್ಕಳೂ ಆ ಅಕ್ಷರ ಓದಿಯೇ ಪಾಠ ಕಲಿಯುತ್ತಾರೆ. ದಿನಕ್ಕೆ ಆರು ತಾಸಿನ ಕೆಲಸ.

ಕೆಲಸವೇನೋ ಇತ್ತು. ಕೂಡಲಿಕ್ಕೆ ಜಾಗ ಇರಲಿಲ್ಲ.

ಮೊದಲು ಮಂಚದ ಮೇಲೆ ಕೂಡುವಳು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು. ಅರ್ಧ ತಾಸಿಗೆ ಸೊಂಟ ಹಿಡಿಯುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಇಟ್ಟುಕೊಂಡು ನಿಲ್ಲುವಳು. ಕುಕ್ಕರ್ ಸೀಟಿ ಹೊಡೆದರೆ ಟೀಚರ್ ಮಾತು ಕೇಳಿಸುತ್ತಿರಲಿಲ್ಲ. ಅಲ್ಲಿಂದ ಮಾಳಿಗೆಯ ಮೆಟ್ಟಿಲಿಗೆ. ಹತ್ತು ಗಂಟೆಗೆಲ್ಲ ರಾಯಚೂರಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪರದೆಯಲ್ಲಿ ಪಾಠದ ಬದಲು ತನ್ನ ಮುಖವೇ ಕಾಣುತ್ತಿತ್ತು. ಮತ್ತೆ ಒಳಗೆ ಬಂದು ನಡುಮನೆಯ ಗೋಡೆಗೆ ಒರಗಿ ನೆಲದ ಮೇಲೆ.

"ಬೆಕ್ಕು ಮರಿ ಕಚಗೊಂಡು ಮನಿತುಂಬ ತಿರಗಿದಂಗ ತಿರಗ್ತೀಯಲ್ಲ, ವೃಂದಾ," ಅನ್ನುವರು ಜಯಾಬಾಯಿ. "ಒಂದು ಕಡೆ ನೆಟ್ಟಗ ಕೂಡಬಾರದೇನು?"

ಹಾಗಂತ ಮನೆಯಲ್ಲಿ ಒಳ್ಳೇ ಜಾಗವೇ ಇರಲಿಲ್ಲ ಅಂತಲ್ಲ. ಪಡಸಾಲೆ ಇತ್ತು. ಉತ್ತರಕ್ಕೆ ದೊಡ್ಡ ಕಿಟಕಿ, ತಲೆಯ ಮೇಲೆ ಫ್ಯಾನು, ಗೋಡೆಗೆ ಎರಡು ಪ್ಲಗ್ಗು. ಆದರೆ ಅದು ಬಂದವರಿಗೆ. ಸೋಫಾದ ಮೇಲೆ ವರ್ಷವಿಡೀ ಹೂವಿನ ಚಾದರ ಹೊದ್ದಿಸಿರುತ್ತಿತ್ತು. ಒಮ್ಮೆ ವೃಂದಾ ಧೈರ್ಯ ಮಾಡಿ ಕೇಳಿಯೂ ಬಿಟ್ಟಳು.

"ಅತ್ತೇರ, ಪಡಸಾಲ್ಯಾಗ ಒಂದು ಮೂಲಿಗೆ ಕೂತ್ಕೊಳ್ಲೇನು?"

"ಯಾರರೆ ಬಂದ್ರ? ವೈರು ಹಾಳಿ ಹರವಿಕೊಂಡು ಕೂತ್ರ ಛೊಲೊ ಕಾಣ್ತದೇನು? ಟಿಪ್ ಟಿಪ್ ಒತ್ತೋ ಕೆಲಸಕ್ಕ ಒಂದು ಕೋಣಿ ಯಾಕ ಬೇಕವಾ? ನಿಮ್ಮ ಮಾವನವರು ನಲವತ್ತು ವರ್ಷ ನೆಲದ ಮ್ಯಾಲ ಕೂತು ಜಾತಕ ಬರದ್ರು. ಒಂದಿನಾ ಸೊಂಟ ಅನ್ಲಿಲ್ಲ."

ವೃಂದಾಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು. ನಾನೇನು ಆಫೀಸಿಗೆ ಹೋಗುವವಳೇ? ಮನೆಯಲ್ಲಿ ಇರುವವಳಿಗೆ ಮೇಜು ಕುರ್ಚಿಯ ದೌಲತ್ತು ಯಾಕೆ?

ಆದರೆ ಬಲಗೈ ಮಾತು ಕೇಳಲಿಲ್ಲ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಜೋಮು ಹಿಡಿಯತೊಡಗಿದವು. ಬೆಳಿಗ್ಗೆ ಏಳುವಾಗಲೇ ಇರುವೆ ಹರಿದಾಡಿದಂತೆ. ಕೈ ಝಾಡಿಸಿದರೆ ಒಂದಿಷ್ಟು ಹೊತ್ತು ಸರಿ, ಮತ್ತೆ ಅದೇ. ಕುತ್ತಿಗೆ ತಿರುಗಿಸಿದರೆ ಕಟಕ್ ಅನ್ನುತ್ತಿತ್ತು. ಕೂತರೆ ಏಳಬೇಕು, ಎದ್ದರೆ ಕೂಡಬೇಕು ಅನಿಸುತ್ತಿತ್ತು. ಸಣ್ಣ ಮಾತಿಗೂ ಸಿಟ್ಟು.

ಒಂದು ಬುಧವಾರ ಸಂಸ್ಥೆಯ ಮೇಡಂ ಶ್ರೀವಲ್ಲಿ ಫೋನು ಮಾಡಿದರು.

"ವೃಂದಾ, ನೀವು ಕಳಿಸಿದ ಆರೋಗ್ಯದ ಪಾಠ ನೋಡಿದೆ. ಟೀಚರ್ 'ಕುದಿಸಿದ ನೀರು ಕುಡೀಬೇಕು' ಅಂತ ಹೇಳ್ಯಾರ. ನೀವು ಏನ್ ಬರದೀರಿ ಗೊತ್ತದೇನು? 'ಕುದಿಸದ ನೀರು ಕುಡಿಯಬೇಕು.'"

ವೃಂದಾ ಆ ಪಾಠ ತೆರೆದು ನೋಡಿದಳು. ಒಂದು ಗುಡಿಸು ಬಿಟ್ಟುಹೋಗಿತ್ತು, ಅಷ್ಟೇ.

"ಕಿವಿ ಕೇಳೋ ಮಕ್ಕಳಾದ್ರ ಟೀಚರ್ ಮಾತು ಕೇಳಿ ತಿದ್ದಿಕೊಳ್ತಾರ. ಈ ಮಕ್ಕಳಿಗೆ ನೀವು ಬರದದ್ದ ಮಾತು. ಪುಣ್ಯಾಕ್ಕ ಹೊರಗ ಹೋಗೂದ್ರಾಗ ಸಿಕ್ತು. ಮೊದಲ ನೀವು ಹಿಂಗ ತಪ್ಪತಿರಲಿಲ್ಲ. ಏನಾಗ್ಯದ?"

"ಏನಿಲ್ರಿ ಮೇಡಂ," ಅಂದಳು ವೃಂದಾ. ಏನಾಗಿದೆ ಅಂತ ಹೇಳುವುದು? ಕೂಡಲು ಜಾಗ ಇಲ್ಲ ಅಂತಲೇ?

ಮರುದಿನ ಒಂದೂ ತಪ್ಪಾಗಬಾರದು ಅಂತ ಹಟ ಹಿಡಿದು ಕೂತಳು. ನಡುಮನೆಯಲ್ಲಿ, ಬಾಗಿಲಿಗೆ ಹತ್ತಿರ. ಲ್ಯಾಪ್‌ಟಾಪಿನ ಚಾರ್ಜು ಮುಗಿಯಿತು. ಅಡುಗೆಮನೆಯ ಪ್ಲಗ್ಗಿನಿಂದ ಹೊಸ್ತಿಲು ದಾಟಿಸಿ ವೈರು ಎಳೆದುಕೊಂಡಳು. ಕಿವಿಗೆ ಇಯರ್‌ಫೋನು. ಜಯಾಬಾಯಿ ಸ್ನಾನ ಮುಗಿಸಿ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ದೇವರ ಮನೆ ಕಡೆ ಹೊರಟಿದ್ದರು. ವೈರು ಕಾಲಿಗೆ ತೊಡರಿತು.

ತಂಬಿಗೆ ಬಿದ್ದ ಸಪ್ಪಳವನ್ನು ಮಾತ್ರ ವೃಂದಾ ಕೇಳಿದಳು. ತಿರುಗಿ ನೋಡಿದರೆ ಅತ್ತೆ ನೆಲದ ಮೇಲೆ, ಬಲಗೈ ಮೈ ಕೆಳಗೆ.

ಮುಂಗೈ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಆರು ವಾರ ಅಂದರು ಡಾಕ್ಟರು. ಜಯಾಬಾಯಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ವೃಂದಾಗೆ. ಅತ್ತೆಗೆ ಅನ್ನ ಕಲಸಿ ಕೊಡುವಾಗ, ಜಡೆ ಹಾಕುವಾಗ, ಅವಳ ಕಣ್ಣು ಆ ಬಿಳಿ ಪ್ಲಾಸ್ಟರ್ ಮೇಲೇ. ಮೂರನೇ ದಿನ ಶ್ರೀವಲ್ಲಿ ಮೇಡಂಗೆ ಮೆಸೇಜು ಬರೆದಳು: "ಈ ಕೆಲಸ ನನ್ನಿಂದ ಆಗುವುದಿಲ್ಲ, ದಯವಿಟ್ಟು ಕ್ಷಮಿಸಿ." ಬರೆದಳು, ಕಳಿಸಲಿಲ್ಲ. ಕಳಿಸಲಿಕ್ಕೂ ಮನಸ್ಸಿಲ್ಲ, ಅಳಿಸಲಿಕ್ಕೂ ಮನಸ್ಸಿಲ್ಲ.

ಜಯಾಬಾಯಿಗೆ ಬೆರಳಾಡಿಸುವ ವ್ಯಾಯಾಮ ಕಲಿಸಲು ಬಂದವರು ಹಸೀನಾ ಬೇಗಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಮನೆ ಪಕ್ಕದ ಓಣಿಯಲ್ಲೇ. ಕೆಲಸ ಮುಗಿಸಿ ಹೋಗುವಾಗ ಒಳಗೆ ಬಂದರು. ಅತ್ತೆಗೆ ಬೆರಳು ಮಡಚುವುದು ಬಿಚ್ಚುವುದು ತೋರಿಸುತ್ತ ಇದ್ದವರು ಥಟ್ಟನೆ ವೃಂದಾ ಕಡೆ ತಿರುಗಿದರು.

"ಏನವಾ, ಕೈ ಮುರದದ್ದು ಅಮ್ಮಾರದು. ಝಾಡಸಾಕತ್ತಿದ್ದು ನೀನು?"

ವೃಂದಾ ಕೈ ಹಿಂದೆ ಮಾಡಿಕೊಂಡಳು. "ಏನಿಲ್ರಿ. ಜೋಮು ಹಿಡೀತದ."

"ಎಷ್ಟು ದಿನದಿಂದ?"

"ನಾಕು ತಿಂಗಳಾತು."

ಹಸೀನಾ ಬೇಗಂ ಅವಳ ಕೈ ಹಿಡಿದು ಮುಂಗೈ ಬಾಗಿಸಿ ನೋಡಿದರು, ಕುತ್ತಿಗೆ ಒತ್ತಿ ನೋಡಿದರು. "ನಾಳೆ ಆಸ್ಪತ್ರಿಗೆ ಬಾ, ಡಾಕ್ಟರಿಗೆ ತೋರಿಸೋಣ. ಇದನ್ನ ಹಂಗ ಬಿಡಬಾರದು. ಈಗ ನೀ ಎಲ್ಲಿ ಕೂತು ಕೆಲಸ ಮಾಡ್ತಿ, ಅದನ್ನ ತೋರಸು."

ವೃಂದಾ ಮಂಚ ತೋರಿಸಿದಳು. ಅಡುಗೆ ಕಟ್ಟೆ ತೋರಿಸಿದಳು. ಮೆಟ್ಟಿಲು, ನಡುಮನೆಯ ಗೋಡೆ ತೋರಿಸಿದಳು.

"ಗುಳಿಗಿ ಕೊಡಬಹುದು," ಅಂದರು ಹಸೀನಾ ಬೇಗಂ. "ಗುಳಿಗಿ ನುಂಗಿ ಮತ್ತ ಹಿಂಗ ಬಾಗಿ ಕೂತ್ರ ಗುಳಿಗಿ ಏನ್ ಮಾಡೀತು?"

ಜಯಾಬಾಯಿ ಕೂತಲ್ಲಿಂದಲೇ ಕೇಳಿದರು. "ಅಲ್ಲ ಹಸೀನಾ, ನೆಲದ ಮ್ಯಾಲ ಕೂಡೋದು ತಪ್ಪೇನು? ನಮ್ಮನಿಯವರು ನಲವತ್ತು ವರ್ಷ ಕೂತಿದ್ರಲ್ಲ."

"ನೆಲ ತಪ್ಪಲ್ರಿ ಅಮ್ಮಾರ. ಅವರು ಬರಿಯೋ ಮುಂದ ಹಾಳಿ ಎಲ್ಲಿ ಇಡ್ತಿದ್ರು?"

"ಮುಂದ ಒಂದು ಗಿಡ್ಡ ಡೆಸ್ಕ್ ಇತ್ತು. ಮ್ಯಾಲಿನ ಹಲಗಿ ಓರಿ ಮಾಡಿಸಿದ್ದು. ಮಾನ್ವಿ ಬಡಿಗ್ಯಾ ಮಾಡಿಕೊಟ್ಟಿದ್ದ."

"ದಿನಾ ಒಂದ ಜಾಗ ಏನ್ರಿ?"

"ಒಂದ ಜಾಗ. ಕಿಟಕಿ ಮಗ್ಗಲಿಗೆ. ಬೆಳಕು ಎಡಗಡಿಯಿಂದ ಬರಬೇಕು ಅಂತಿದ್ರು."

"ನಡುವ ಯಾರರೆ ಮಾತಾಡಸ್ತಿದ್ರೇನು?"

"ಛೇ! ಹುಡುಗರು ಆ ಕಡಿ ಹಾಯತಿರಲಿಲ್ಲ. ನಾನೂ ಊಟಕ್ಕ ಅಷ್ಟ ಕರೀತಿದ್ದೆ."

"ಅವರಿಗೆ ಆಫೀಸಿತ್ತಲ್ರಿ ಅಮ್ಮಾರ," ಅಂದರು ಹಸೀನಾ ಬೇಗಂ ಹತ್ತಿರ ಸರಿದು. "ಕೈಗೆ ತಕ್ಕ ಎತ್ತರ ಇತ್ತು, ಬೆಳಕಿತ್ತು, ಗದ್ದಲ ಇರಲಿಲ್ಲ. ನಿಮ್ಮ ಸೊಸಿಗೆ ಇದರಾಗ ಯಾವುದದ, ಹೇಳ್ರಿ?"

ಹಸೀನಾ ಬೇಗಂ ಪಡಸಾಲೆಯ ಕಡೆ ಕತ್ತು ಚಾಚಿ ನೋಡಿದರು. "ಈ ಕೋಣಿಗೆ ಕಡೀಕ ಬಂದವರು ಯಾರ್ರಿ?"

"ಚೀಕಲಪರ್ವಿ ಬೀಗರು. ದೀಪಾವಳಿಗೆ... ಅಲ್ಲ, ಅದಕ್ಕೂ ಮದ್ಲ." ಲೆಕ್ಕ ಸಿಗದೆ ಜಯಾಬಾಯಿ ಮಾತು ನಿಲ್ಲಿಸಿದರು. "ಇರ್ಲಿ, ಗುರು ಬರ್ಲಿ. ನೋಡೋಣ."

ಅಂದು ಏನೂ ನಿರ್ಧಾರ ಆಗಲಿಲ್ಲ. ಡಾಕ್ಟರಿಗೆ ತೋರಿಸಿದ್ದಾಯಿತು. ಮುಂಗೈ ನರದ ಮೇಲೆ ಒತ್ತಡ ಬೀಳುತ್ತಿದೆ, ಕೂಡುವ ರೀತಿ ಬದಲಿಸದಿದ್ದರೆ ಹಿಡಿತ ಕಮ್ಮಿಯಾದೀತು ಅಂದರು ಅವರೂ.

ಜಯಾಬಾಯಿಗೆ ಈಗ ಮಾಡಲಿಕ್ಕೆ ಕೆಲಸವಿಲ್ಲ. ಹೊತ್ತು ಹೋಗದೆ ಸೊಸೆಯ ಮಗ್ಗಲಿಗೆ ಬಂದು ಕೂತರು. ಪರದೆಯಲ್ಲಿ ಟೀಚರು ತುಟಿ ಅಲ್ಲಾಡಿಸುತ್ತಿದ್ದರು, ಕೆಳಗೆ ಅಕ್ಷರ ಮೂಡುತ್ತಿದ್ದವು. ಜಯಾಬಾಯಿ ಕನ್ನಡಕ ಸರಿಮಾಡಿಕೊಂಡರು. ಅವರಿಗೆ ಎರಡು ವರ್ಷದಿಂದ ಕಿವಿ ಮಂದ. ಎದುರಿಗಿದ್ದವರ ಮಾತು ಕೇಳಿಸುತ್ತಿತ್ತು, ಆದರೆ ಟಿವಿಯ ಪ್ರವಚನ ಏನು ಅಂತ ತಿಳಿಯದೆ, ತಿಳಿದವರಂತೆ ಗೋಣು ಹಾಕುತ್ತ ಕೂಡುತ್ತಿದ್ದರು. ಯಾರಿಗೂ ಹೇಳಿರಲಿಲ್ಲ.

ಪಾಠ ಮುಗಿಯಿತು. ಅವರು ಮೆಲ್ಲಗೆ ಅಂದರು, "ಮತ್ತೊಮ್ಮೆ ಹಚ್ಚು."

ವೃಂದಾ ಹಚ್ಚಿದಳು.

"ಎಲ್ಲಾ ತಿಳೀತದಲ್ಲ ವೃಂದಾ! ಒಂದು ಶಬ್ದ ಕೇಳ್ಲಿಲ್ಲ, ಆದ್ರೂ ಎಲ್ಲಾ ತಿಳೀತು. ಇದನ್ನ ನೀ ಬರಿತೀಯೇನು?"

"ಹೂಂ ಅತ್ತೇರ."

"ತಪ್ಪಾದ್ರ?"

ವೃಂದಾ ಕುದಿಸದ ನೀರಿನ ಕಥೆ ಹೇಳಿದಳು. ಕಳಿಸದೆ ಇಟ್ಟುಕೊಂಡ ಮೆಸೇಜನ್ನೂ ತೋರಿಸಿದಳು. ಜಯಾಬಾಯಿ ಅದನ್ನು ನಿಧಾನವಾಗಿ ಓದಿದರು. ಆಮೇಲೆ ಎದ್ದು ಪಡಸಾಲೆಗೆ ಹೋದರು. ಎಡಗೈಯಿಂದ ಸೋಫಾದ ಮೇಲಿನ ಹೂವಿನ ಚಾದರ ಹಿಡಿದು ಎಳೆದರು. ಅದು ಒಂದೇ ಸಲಕ್ಕೆ ಬರಲಿಲ್ಲ. ಮೂರು ಸಲ ಎಳೆದರು.

"ಗುರು ಬಂದಮ್ಯಾಲೆ ಈ ಸೋಫಾ ಆ ಗ್ವಾಡಿಗೆ ಸರಸ್ಲಿ," ಅಂದರು. "ಬಂದವರು ಅಲ್ಲೂ ಕೂಡ್ತಾರ. ಆ ಮೆಸೇಜ್ ಮೊದಲು ಅಳಸು."

ಭಾನುವಾರ ಹಸೀನಾ ಬೇಗಂ ಬಂದರು. ಗುರುಪ್ರಸನ್ನ ಇಸ್ತ್ರಿ ಮೇಜು ತಂದು, ಕಿಟಕಿ ಬೆನ್ನಿಗೆ ಬರುವಂತೆ ಕುರ್ಚಿ ಹಾಕಿ ಕಾಯುತ್ತಿದ್ದ.

"ಹಂಗ ಬ್ಯಾಡ್ರಿ ಮಾಸ್ತರ. ಕಿಟಕಿ ಬೆನ್ನಿಗಿದ್ರ ಪರದಿ ಮ್ಯಾಲ ಬೆಳಕು ಹೊಡಿತದ, ಎದುರಿಗಿದ್ರ ಕಣ್ಣಿಗೆ ಹೊಡಿತದ. ಮಗ್ಗಲಿಗಿರ್ಲಿ."

ಮೇಜು ತಿರುಗಿತು. ಆ ಕುರ್ಚಿಯ ಬದಲು ಬೆನ್ನಿಗೆ ಆಸರೆಯಿದ್ದ ಕುರ್ಚಿ ಬಂತು. ವೃಂದಾ ಗಿಡ್ಡು, ಕುರ್ಚಿ ಮೇಲೆ ಗಾದಿ ಹಾಕಿದ ಮೇಲೆ ಮೊಳಕೈ ಮೇಜಿನ ಮಟ್ಟಕ್ಕೆ ಬಂತು, ಆದರೆ ಕಾಲು ಜೋತಾಡತೊಡಗಿದವು. ಜಯಾಬಾಯಿ ಅಡುಗೆಮನೆಯಿಂದ ಒಂದು ಮಣೆ ತರಿಸಿ ಕಾಲ ಕೆಳಗೆ ಇಡಿಸಿದರು. ಸೊಂಟದ ಹಿಂದೆ ಸುತ್ತಿದ ಟವೆಲ್ಲು. ಲ್ಯಾಪ್‌ಟಾಪಿನ ಕೆಳಗೆ ಎರಡು ದಪ್ಪ ನಿಘಂಟು ಇಟ್ಟರು; ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬಂತು, ಕುತ್ತಿಗೆ ಬಾಗುವುದು ನಿಂತಿತು. ಆದರೆ ಅಷ್ಟೆತ್ತರದಲ್ಲಿ ಟೈಪ್ ಮಾಡುವುದು ಹೇಗೆ? ಗುರುಪ್ರಸನ್ನನಿಗೆ ಹಳೇ ಕಂಪ್ಯೂಟರಿನ ಕೀಬೋರ್ಡು ನೆನಪಾಯಿತು. ಅಟ್ಟ ಹತ್ತಿ ಇಳಿಸಿ, ಧೂಳು ಒರೆಸಿ ಜೋಡಿಸಿದ. ಮುಂಗೈ ಮೇಲಕ್ಕೂ ಬಾಗದೆ ಕೆಳಕ್ಕೂ ಬಾಗದೆ ನೆಟ್ಟಗೆ ನಿಂತಿತು.

ವೈರನ್ನು ಗೋಡೆಯ ಗುಂಟ ಕ್ಲಿಪ್ಪು ಹೊಡೆದು ಕೂರಿಸಿದ್ದು ಗುರುಪ್ರಸನ್ನನೇ. ಒಂದು ಗೇಣು ವೈರೂ ನೆಲದ ಮೇಲೆ ಉಳಿಯಬಾರದು ಅಂತ ಜಯಾಬಾಯಿ ಎದುರಿಗೇ ನಿಂತು ನೋಡಿದರು.

"ಇಷ್ಟಾತು ಅಂತ ಬೆಳಗಿನಿಂದ ಸಂಜಿತನಕ ಕೂಡಬ್ಯಾಡ," ಅಂದರು ಹಸೀನಾ ಬೇಗಂ. "ಅರ್ಧ ತಾಸಿಗೊಮ್ಮೆ ಏಳು. ನೀರು ಕುಡಿ. ಕಿಟಕಿಯಿಂದ ದೂರದ್ದೇನರೆ ನೋಡು. ಎಂಥಾ ಛೊಲೊ ಕುರ್ಚಿ ಇದ್ರೂ ಮೈಗೆ ಓಡಾಟ ಬೇಕು."

ಮೊದಲ ವಾರ ವೃಂದಾಗೆ ಅಲ್ಲಿ ಕೂಡಲು ಆಗಲೇ ಇಲ್ಲ. ಪಡಸಾಲೆಯಲ್ಲಿ ಕೂತರೆ ಯಾರದೋ ಮನೆಗೆ ಹೋಗಿ ಕೂತಂತೆ. ಹತ್ತು ನಿಮಿಷಕ್ಕೆ ಎದ್ದು ಅಡುಗೆಮನೆಗೆ ಓಡುವಳು. ಹಾಲು ಉಕ್ಕಿತೇ, ಬಾಗಿಲು ಬಡಿದರೇ? ಒಂದು ದಿನ ಓಣಿಯ ಜಾಹೆದಾ ಕರಿಬೇವಿಗೆ ಬಂದಳು. ವೃಂದಾ ಏಳುವಷ್ಟರಲ್ಲಿ ಜಯಾಬಾಯಿ ಬಾಗಿಲಲ್ಲಿದ್ದರು.

"ಕರಿಬೇವು ನಾ ಕೊಡ್ತೀನಿ ಬಾರವಾ. ಆಕಿ ಕೆಲಸದಾಗ ಇದ್ದಾಳ. ಆಕಿ ಕೂಡ ಮಾತಾಡೋದಿದ್ರ ಎರಡಕ್ಕ ಬಾ."

ವೃಂದಾ ಎದ್ದವಳು ಮತ್ತೆ ಕೂತಳು. ಅಂದು ಮೊದಲ ಸಲ ಒಂದು ಇಡೀ ಪಾಠವನ್ನು ಒಂದೇ ಜಾಗದಲ್ಲಿ ಮುಗಿಸಿದಳು.

ಎರಡು ತಿಂಗಳಾಯಿತು. ಜಯಾಬಾಯಿಯ ಕೈ ಪ್ಲಾಸ್ಟರ್ ಬಿಚ್ಚಿಯಾಗಿದೆ. ವೃಂದಾಳ ಕುತ್ತಿಗೆ ಹಗುರಾಗಿದೆ. ಬೆರಳಿನ ಜೋಮು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಹೆಬ್ಬೆರಳಲ್ಲಿ ಇನ್ನೂ ಒಂದಿಷ್ಟು ಉಳಿದಿದೆ. ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಇದೂ ಇರುತ್ತಿರಲಿಲ್ಲ ಅನ್ನುತ್ತಾರೆ ಹಸೀನಾ ಬೇಗಂ. ವ್ಯಾಯಾಮ ನಡೆದಿದೆ. ತಿಂಗಳಿಂದ ಶ್ರೀವಲ್ಲಿ ಮೇಡಂ ಒಂದು ತಪ್ಪೂ ತೋರಿಸಿಲ್ಲ.

ಅಕ್ಕ-ತಂಗೇರೇ, ಅಣ್ಣ-ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಕೂತು ದುಡಿಯುವವರು ಇರಬಹುದು. ಟೈಪ್ ಮಾಡುವವರು, ಪಾಠ ಹೇಳುವವರು, ಹೊಲಿಗೆ ಹಾಕುವವರು. ಅವರಿಗೆ ಅರಮನೆ ಬೇಡ. ಮನೆಯಲ್ಲಿರುವ ಮೇಜು, ಬೆನ್ನಿಗೆ ಆಸರೆ ಕೊಡುವ ಕುರ್ಚಿ, ಕಾಲಿಗೆ ಒಂದು ಮಣೆ, ಮಗ್ಗಲಿಂದ ಬೆಳಕು, ಕಾಲಿಗೆ ಸಿಗದ ವೈರು, ಕೆಲಸದ ಹೊತ್ತಿನಲ್ಲಿ ಯಾರೂ ಕರೆಯದ ನಾಲ್ಕು ತಾಸು ಸಾಕು. ಕೈ ಜೋಮು ಹಿಡಿದರೆ ಮುಚ್ಚಿಡಬೇಡಿ, ಆಸ್ಪತ್ರೆಗೆ ತೋರಿಸಿ. ಜಾಗ ಯಾಕೆ ಬೇಕು ಅಂತ ಇನ್ನೂ ಅನಿಸಿದರೆ ವಾದ ಮಾಡಬೇಡಿ. ನಾಳೆ ಅವರು ಕೂಡುವಲ್ಲಿ, ಅವರು ಕೂಡುವ ಹಾಗೇ, ನೀವೇ ಒಂದು ತಾಸು ಕೂತು ನೋಡಿ.