ಜರ್ಮನ್ ತಂತಿ

ಬಾಷಾಸಾಬನ ಬಾಯಲ್ಲಿ ಅತ್ಯಂತ ಕೆಟ್ಟ ಬೈಗುಳವೆಂದರೆ ‘ಜರ್ಮನ್’.

ಮಿಶ್ರಿಕೋಟಿಯಿಂದ ಮೂರು ಮೈಲಿ ಒಳಗಿದ್ದ ಆ ಸಣ್ಣ ಊರಿನಲ್ಲಿ ಅಲ್ಯೂಮಿನಿಯಂ ಎಂಬ ಹೆಸರು ಯಾರ ನಾಲಿಗೆಗೂ ಒಗ್ಗಿರಲಿಲ್ಲ. ಸಂತೆಯಲ್ಲಿ ಮಾರುವ ಹಗುರವಾದ ಬಿಳಿ ಪಾತ್ರೆಗಳಿಗೆ ಎಲ್ಲರೂ ಜರ್ಮನ್ ಭಾಂಡೆ ಎನ್ನುತ್ತಿದ್ದರು. ಯಾಕೆ ಜರ್ಮನ್ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕಿ ಹೊಟ್ಟೆ ಹೊರೆಯುವ ಬಾಷಾಸಾಬನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಜರ್ಮನ್ ಪಾತ್ರೆಗೆ ಕಲಾಯಿಯೇ ಬೇಡವಲ್ಲ! ಹಾಗಾಗಿ ಮೂವತ್ತು ವರ್ಷಗಳಿಂದ ಮನೆಮನೆಯ ಕಟ್ಟೆಯ ಮೇಲೆ ಕೂತು ಒಂದೇ ಪಾಠ ಒಪ್ಪಿಸುತ್ತ ಬಂದಿದ್ದ. “ಅವ್ವಾರ, ಜರ್ಮನ್ ಅಂದ್ರ ಲೋಹ ಅಲ್ಲರಿ, ಲೋಹದ ನೆರಳು. ಹೊಸ್ತಿಲಾ ದಾಟಸಬ್ಯಾಡ್ರಿ.”

ಊರು ನಂಬಿತ್ತು. ನಂಬಿದ್ದೇ ತೊಂದರೆಯಾಯಿತು.

ಎಂಬತ್ಮೂರನೆಯ ಇಸವಿಯ ಚಳಿಗಾಲದಲ್ಲಿ ಊರಿಗೆ ಕರೆಂಟು ಬರುವುದೆಂದಾಯಿತು. ಕಂಬಗಳು ನಿಂತವು, ನಾಲ್ಕು ಕಂಬ ಕುಬೇರಪ್ಪಗೌಡನ ಹೊಲದಲ್ಲೇ. ತಂತಿ ಎಂಥದ್ದೆಂದು ಗೌಡ ಕೇಳಿದಾಗ ಲೈನ್‌ಮನ್ ಹೊಳೆಪ್ಪ ಊರಿನವರಿಗೆ ತಿಳಿಯುವ ಮಾತಿನಲ್ಲೇ “ಜರ್ಮನ್ ತಂತಿರಿ” ಎಂದ. ಬೋಗುಣಿ ಮಾಡುವ ಲೋಹವನ್ನು ಸರಕಾರ ಕಂಬಕ್ಕೆ ಕಟ್ಟೀತೆಂದು ಗೌಡನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ತಂತಿ ನೇರ ಜರ್ಮನಿ ದೇಶದಿಂದ ಹಡಗು ಹತ್ತಿ ಬರುತ್ತಿದೆ ಎಂದು ನಾಲ್ಕೂರಿಗೆ ಹೇಳಿಕೊಂಡು ಬಂದ.

ತಂತಿಯ ಉರುಳೆ ಬಂದಿಳಿದ ದಿನ ಅವನ ಹೆಂಡತಿ ಶಿವಗಂಗವ್ವ ಉಗುರಿನಿಂದ ಅದನ್ನು ಕೆರೆದು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಯ್ಯ, ಜರ್ಮನಿ ಅಂದ್ರ ಇಷ್ಟ ಏನ್ರಿ? ನಮ್ಮ ತಂಗಿ ಮನ್ಯಾಗ ಇದ ಜರ್ಮನಿಯೊಳಗ ಅನ್ನ ಮಾಡತಾರ.”

ಸುತ್ತ ನಿಂತವರು ನಕ್ಕರು. ಗೌಡನ ಮುಖ ಕಪ್ಪಿಟ್ಟಿತು. ಬದುವಿನ ಮೇಲೆ ಕೋಲು ಊರಿ ನಿಂತ.

“ತಾಮ್ರ ಹಾಕೂದಿದ್ರ ಹಾಕ್ರಿ. ಇಲ್ಲಾಂದ್ರ ನನ್ನ ಹೊಲದ ಮ್ಯಾಲ ಕಾಗಿ ಸುದ್ದಾ ಹಾರಾಕ ಬಿಡೂದಿಲ್ಲ!”

ಕೆಲಸ ನೋಡಿಕೊಳ್ಳಲು ಬಂದಿದ್ದ ಸೆಕ್ಷನ್ ಆಫೀಸರ ಶಂಭುಲಿಂಗಪ್ಪ ತಾಳ್ಮೆಯ ಮನುಷ್ಯ. “ಗೌಡ್ರ, ಸಂಜಿತನಕ ಕಾಯತೀನಿ. ಒಲ್ಲೆ ಅಂದ್ರ ಈ ಉರುಳಿ ದೇವಿಕೊಪ್ಪದ ಕಡೆ ಹೋಗತೈತಿ. ಮತ್ತ ನಿಮ್ಮ ಪಾಳಿ ಯಾವಾಗೋ, ಶಿವನ ಬಲ್ಲ.”

“ಬಾಷಾನ್ನ ಕೇಳೂಣು. ಲೋಹದ ಮಾತು ಅಂವಗ ತಿಳೀದ್ದು ನಿಮಗೇನ ತಿಳೀತೈತಿ?” ಎಂದ ಗೌಡ.

ಮೊಳದುದ್ದದ ತುಂಡು ಕತ್ತರಿಸಿಕೊಂಡು ಹೊಳೆಪ್ಪ ಬಾಷಾಸಾಬನ ಅಂಗಡಿಗೆ ಬಂದ. ನಡೆದದ್ದನ್ನೆಲ್ಲ ಹೇಳಿದ. ಬಾಷಾಸಾಬ ಆ ತುಂಡನ್ನು ಸತ್ತ ಹಾವಿನ ಬಾಲದಂತೆ ಎರಡು ಬೆರಳಲ್ಲಿ ಹಿಡಿದ.

“ಇದರಾಗ ನೋಡೂದೇನೈತಿ? ಜರ್ಮನ್ ಜರ್ಮನ್ನ.”

“ಹಂಗ ಹೇಳಿ ಕಳಸ್ರಿ,” ಎಂದಳು ಹೆಂಡತಿ ಅಜೀಜಾಬಿ. ಕುಲುಮೆಯ ತಿದಿಯನ್ನು ಅವಳು ಒತ್ತುತ್ತಲೇ ಇದ್ದಳು. “ಹುಬ್ಬಳ್ಳ್ಯಾಗ ನಮ್ಮ ತಮ್ಮ ಕುಲಿಮಿಗೆ ಗುಂಡಿ ಒತ್ತಿದ್ರ ಗಾಳಿ ಬರೂ ಪಂಖಾ ಇಟ್ಟಾನ. ನಿಮಗ್ಯಾಕ ಗುಂಡಿ? ನಾ ಇದ್ದೀನಲ್ಲ.”

ಅವಳ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಅದು ಯಾವಾಗ ಇಳಿಯಿತೆಂದು ಬಾಷಾಸಾಬನಿಗೆ ನೆನಪಾಗಲಿಲ್ಲ. ತಂತಿಯ ಹುರಿ ಬಿಚ್ಚತೊಡಗಿದ.

ಹೊರಗೆ ಆರು ಬಿಳಿ ಎಳೆ. ನಡುವೆ ಬೇರೆ ಬಣ್ಣದ ಒಂದು. ಗುಜರಿಯಲ್ಲಿ ಕಬ್ಬಿಣ ಬೇರ್ಪಡಿಸಲು ಇಟ್ಟುಕೊಂಡಿದ್ದ ಅಯಸ್ಕಾಂತ ತಂದು ಹಿಡಿದ. ಆರು ಎಳೆ ಅಲುಗಲಿಲ್ಲ. ಏಳನೆಯದು ಟಕ್ಕನೆ ಅಂಟಿಕೊಂಡಿತು.

“ಒಳಗ ಉಕ್ಕು!”

“ಕರೆಂಟು ಒಯ್ಯೂದ್ರಾಗ ತಾಮ್ರನ ಮುಂದರಿ ಕಾಕಾ,” ಎಂದ ಹೊಳೆಪ್ಪ. “ಅದಕ್ಕ ಜರ್ಮನ್ ತಂತಿ ಒಂದೀಟು ದಪ್ಪ ಮಾಡತಾರ.”

ಅಷ್ಟೇ ಕರೆಂಟಿಗೆ ಎಷ್ಟು ದಪ್ಪದ ತಾಮ್ರ ಬೇಕೆಂದು ಹೊಳೆಪ್ಪನನ್ನೇ ಕೇಳಿ, ಬಾಷಾಸಾಬ ಅಂಥದೇ ಒಂದು ಮೊಳ ಹುಡುಕಿ ಎರಡನ್ನೂ ತಕ್ಕಡಿಗೆ ಹಾಕಿದ. ತೆಳ್ಳಗಿದ್ದರೂ ತಾಮ್ರದ ಕಡೆಯ ತಟ್ಟೆಯೇ ಕೆಳಗಿಳಿಯಿತು. ಇನ್ನೊಮ್ಮೆ ತೂಗಿದ. ತಾಮ್ರಕ್ಕೆ ಅವನ ಮೇಲೆ ಕರುಣೆ ಬರಲಿಲ್ಲ.

“ಮತ್ತ ಇನ್ನೊಂದೈತಿ,” ಎಂದು ಹೊಳೆಪ್ಪ ಅಂಗಡಿಯ ಸುತ್ತ ಕಣ್ಣಾಡಿಸಿದ. “ತಾಮ್ರ ಹಾಕಿದ್ವಿ ಅಂತ ತಿಳಕೋರಿ. ಎರಡನೇ ಅಮಾಸಿಗೆ ತಂತಿ ಕಂಬದ ಮ್ಯಾಲ ಇರೂದಿಲ್ಲ. ಆವಾಗ ಪೊಲೀಸರು ಮೊದಲ ಯಾರ ಮನಿಗೆ ಬರತಾರ?”

ಬಾಷಾಸಾಬನೂ ಸುತ್ತ ನೋಡಿದ. ಎಲ್ಲೆಲ್ಲೂ ತಾಮ್ರವೇ ಮಿರಿಮಿರಿ ಮಿಂಚುತ್ತಿತ್ತು.

“ಚಾ ಕುಡದ ಹೋಗತಾರ, ಬಿಡು,” ಎಂದಳು ಅಜೀಜಾಬಿ.

ತಂತಿ ಒಳ್ಳೆಯದಿತ್ತು. ಕಣ್ಣಿಗೆ ಕಂಡಿತ್ತು, ಕೈಗೆ ಹತ್ತಿತ್ತು. ಆದರೆ ಅದನ್ನು ಊರ ಮುಂದೆ ಹೇಳುವುದು ಹೇಗೆ? ಜರ್ಮನ್ ಒಳ್ಳೆಯದು ಎಂಬ ಎರಡು ಮಾತು ಅವನ ಬಾಯಿಂದ ಬಿದ್ದರೆ ಮರುಸಂತೆಗೇ ಮನೆಮನೆಗೂ ಬಿಳಿ ಬೋಗುಣಿ. ಮೂವತ್ತು ವರ್ಷದ ಪಾಠ ನೀರಿನಲ್ಲಿ. ಕೆಟ್ಟದ್ದು ಎಂದರೆ ಗೌಡ ಗೆದ್ದ, ಕಲಾಯಿ ಉಳಿಯಿತು, ಊರು ಕತ್ತಲಲ್ಲೇ ಉಳಿಯಿತು. ಹೊಲದ ತನಕ ನಡೆಯುವಷ್ಟರಲ್ಲಿ ಅವನು ಎರಡೂ ಮಾತುಗಳನ್ನು ನಾಲ್ಕು ನಾಲ್ಕು ಸಲ ಬಾಯಲ್ಲಿ ಹೊರಳಿಸಿದ. ಹಿಂದೆ ಹತ್ತು ಹೆಜ್ಜೆ ಬಿಟ್ಟು ಅಜೀಜಾಬಿ ಬರುತ್ತಿದ್ದಳು.

ಬದುವಿನ ಬಳಿ ಅರ್ಧ ಊರು ಸೇರಿತ್ತು.

“ಹೇಳು ಬಾಷಾ,” ಎಂದ ಗೌಡ. “ಇದು ಲೋಹ ಏನು, ಲೋಹದ ನೆರಳ ಏನು?”

ತನ್ನದೇ ಮಾತು ತನ್ನ ಕೊರಳಿಗೆ ಸುತ್ತಿಕೊಂಡಿತು. ಬಾಷಾಸಾಬ ಟೋಪಿ ಸರಿಮಾಡಿಕೊಂಡ.

“ತಂತಿ ಖರೇನ ಚಲೋ ಐತ್ರಿ ಗೌಡ್ರ. ಹೊರಗಿನ ಆರು ಎಳಿ ಕರೆಂಟು ಒಯ್ಯತಾವ, ನಡುವಿನ ಉಕ್ಕು ಆ ಆರೂ ಎಳಿ ಹೊರತೈತಿ. ಹಗುರ ಐತಿ, ಜೋತು ಬೀಳೂದು ಕಡಿಮಿ. ತಾಮ್ರ ಹಾಕಿದ್ರ ಭಾರಕ್ಕ ಇನ್ನೆರಡು ಕಂಬ ನಿಮ್ಮ ಹೊಲದಾಗ ನಡಬೇಕಾದೀತು.”

ಇನ್ನೆರಡು ಕಂಬ ಎಂದೊಡನೆ ಗೌಡನಿಗೆ ತಾಮ್ರದ ಮೇಲಿದ್ದ ಪ್ರೀತಿ ಅರ್ಧ ಇಳಿಯಿತು. ಆದರೆ ಶಿವಗಂಗವ್ವ ಬಿಡುವವಳಲ್ಲ.

“ತಡಿ ಬಾಷಾ. ತಾಮ್ರದ ಕೊಡ ಎತ್ತಿ ಎತ್ತಿ ನನ್ನ ಮುಂಗೈ ಹೋಗ್ಯಾವ. ಕಂಬಕ್ಕ ಹಗುರ ಬೇಕು, ನನಗ ಬ್ಯಾಡೇನು? ನೀರಿಗೆ ಜರ್ಮನ್ ಕೊಡ ತರಲೋ ಬ್ಯಾಡೋ?”

ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಗೌಡನೂ ಇದನ್ನು ಕೇಳುವ ಉತ್ಸಾಹದಲ್ಲಿ ತನ್ನ ಕೋಪವನ್ನು ಮರೆತಂತಿತ್ತು. ಬಾಷಾಸಾಬ ಆಫೀಸರನ ಮುಖ ನೋಡಿದ. ಆಫೀಸರ ಆಕಾಶ ನೋಡಿದ.

“ಹುಳಿ ಸಾರಿಗೆ ಬ್ಯಾಡ್ರಿ ಅವ್ವಾರ, ಕರ್ರಗಾಗತೈತಿ,” ಎಂದ. “ನೀರಿಗೆ... ತರ್ರಿ.”

“ಕೇಳಿದ್ರೇನ್ರೇ! ಮೂವತ್ತು ವರ್ಷಕ್ಕ ಒಂದು ದಿನ ಸಾಬ ತನಗ ಲುಕ್ಸಾನ ಆಗೂ ಮಾತ ಆಡ್ಯಾನ. ಅಂದ್ರ ತಂತಿ ಖಾತ್ರಿ ಐತಿ, ಎಳೀರಿ!” ಎಂದಳು ಶಿವಗಂಗವ್ವ.

ನಗುವಿನ ನಡುವೆ ಗೌಡ ಕೋಲು ಎತ್ತಿ ಬದುವಿನಿಂದ ಕೆಳಗಿಳಿದ. ಹೊಳೆಪ್ಪ ಉರುಳೆ ಉರುಳಿಸಿದ.

ಬಾಷಾಸಾಬ ತಲೆ ತಗ್ಗಿಸಿ ಮನೆಯ ದಾರಿ ಹಿಡಿದ. ಅಜೀಜಾಬಿ ಈಗ ಹತ್ತು ಹೆಜ್ಜೆ ಹಿಂದಿರಲಿಲ್ಲ, ಬಾಜುವಿಗೇ ಇದ್ದಳು.

“ಖುಷಿ ಆತೇನು?”

“ನನಗೇನ್ರಿ, ನಿಮ್ಮದ ಚಿಂತಿ,” ಎಂದಳು. “ಮನಿಮನ್ಯಾಗ ದೀಪ ಹತ್ತಿದ ಮ್ಯಾಲ ನೀವು ಹಾಕಿದ ಕಲಾಯಿ ಎಲ್ಲಾರಿಗೂ ನೆಟ್ಟಗ ಕಾಣತೈತಿ.”