ಜಯಪಾಲನ ಮೂರನೇ ಸಾಲು

ಸ್ವರ್ಣಲತಾ ಗಂಡನ ಹೆಬ್ಬೆರಳನ್ನು ಮತ್ತೊಮ್ಮೆ ಅವನ ಫೋನಿಗೆ ಒತ್ತಿದಳು. ತಣ್ಣಗಾದ ಬೆರಳನ್ನು ಫೋನ್ ಗುರುತು ಹಿಡಿಯಲಿಲ್ಲ.

“ಸಾಕಮ್ಮಾ, ಪ್ಲೀಸ್,” ಎಂದ ಮಗ ಕೀರ್ತನ್. “ಪಪ್ಪ ಆ ಹಾಡು ರೆಕಾರ್ಡ್ ಮಾಡಿಯೇ ಇರ್ಲಿಕ್ಕಿಲ್ಲ.”

“ಒಂದಾದ್ರೂ ಇರ್ತದೆ ಮಾರಾಯ. ಲೋಕಕ್ಕೆಲ್ಲ ಕೇಳಿಸಿದ ಮನುಷ್ಯ, ಕಟ್ಟಿಕೊಂಡವಳಿಗೆ ಒಂದು ಸಲ ಬೇಡ್ವಾ?”

ದುಬೈಯ ಜೆಬೆಲ್ ಅಲಿ ಚಿತಾಗಾರದಲ್ಲಿ ಗಂಡ ಜಯಪಾಲನಿಗೆ ಸಿಕ್ಕಿದ್ದು ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷವನ್ನು ಈ ಹಾಳು ಫೋನೇ ತಿಂದಿತ್ತು. ಬೆಳಗ್ಗಿನಿಂದ ಡಿಸ್ಕವರಿ ಗಾರ್ಡನ್ಸ್‌ನ ಮನೆಗೆ ಬಂದವರದ್ದೆಲ್ಲ ಒಂದೇ ಮಾತು. ದೇರಾದ ಹೋಟೆಲಿನ ಬಾರಿನಲ್ಲಿ ಜಯಪಾಲ ಹಾಡುತ್ತಿದ್ದ ಆ ಬ್ಲೂಸ್ ಹಾಡು ಕೇಳಲೆಂದೇ ಅಬುಧಾಬಿಯಿಂದ ಜನ ಬರುತ್ತಿದ್ದರಂತೆ. ಇಪ್ಪತ್ತಾರು ವರ್ಷ! ಸ್ವರ್ಣಲತಾ ಅದರ ಒಂದು ಸೊಲ್ಲನ್ನೂ ಕೇಳಿದವಳಲ್ಲ. ಅವನನ್ನು ಬೆಂಕಿಗೆ ಕೊಡುವ ಮೊದಲು, ಅವನ ಮುಖ ನೋಡುತ್ತಾ ಒಂದು ಸಲ ಕೇಳಬೇಕು. ಉಳಿದದ್ದು ಇಪ್ಪತ್ತು ನಿಮಿಷ.

*

ತಪ್ಪು ಅವಳದ್ದೇ. ಮದುವೆಯಾಗಿ ಉಡುಪಿಯಿಂದ ದುಬೈಗೆ ಬಂದ ಮೊದಲ ವಾರವೇ ಹೇಳಿಬಿಟ್ಟಿದ್ದಳು.

“ಕುಡುಕರ ಎದುರು ಹಾಡಿದ ಪದ ದೇವರ ದೀಪ ಇರುವಲ್ಲಿ ಬೇಡ. ಗಿಟಾರೂ ಬೇಡ. ಊರಲ್ಲಿ ಕೇಳಿದವರಿಗೆ ನೀವು ಹೋಟೆಲ್ ಸೂಪರ್‌ವೈಸರ್ ಅಂತ ಹೇಳ್ತೇನೆ.”

“ಆಯ್ತು ಮಾರಾಯ್ತಿ,” ಎಂದು ಜಯಪಾಲ ನಕ್ಕಿದ್ದ. ಮರುದಿನದಿಂದ ಗಿಟಾರು ಹೋಟೆಲಿನಲ್ಲೇ ಉಳಿಯಿತು. ಮನೆಯಲ್ಲಿ ಅವನು ಸ್ನಾನ ಮಾಡುವಾಗಲೂ ಗುನುಗಲಿಲ್ಲ. ಅದನ್ನು ಅವಳು ಒಳ್ಳೆಯ ಗಂಡನ ಲಕ್ಷಣ ಎಂದುಕೊಂಡಳು. ಎಂಥ ದಡ್ಡಿ!

*

ಹದಿನೆಂಟು ವರ್ಷ ಜಯಪಾಲನ ಜೊತೆ ಡ್ರಮ್ ಬಾರಿಸಿದ ಫಿಲಿಪೀನ್ಸ್‌ನ ಡಾನಿಲೊ ಮೂಲೆಯ ಬೆಂಚಿನಲ್ಲಿ ಕೂತಿದ್ದ. ಸ್ವರ್ಣಲತಾ ಫೋನನ್ನು ಮಗನ ಕೈಗೆ ತುರುಕಿ, ಡಾನಿಲೊನ ಎದುರು ಹೋಗಿ ಕೈ ಮುಗಿದಳು.

“ನೀವು ಹಾಡಿ.”

ಕೀರ್ತನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಡಾನಿಲೊ ಗಾಬರಿಯಾದ. ಅವನ ಉತ್ತರವನ್ನು ಕೀರ್ತನ್ ಅಮ್ಮನಿಗೆ ತಿಳಿಸುತ್ತಾ ಹೋದ. “ಅದು ಅಮೆರಿಕದ ಹತ್ತಿ ಹೊಲದ ಆಳುಗಳ ಹಾಡಂತೆ. ಕಟ್ಟಿದವನ ಹೆಸರು ಯಾರಿಗೂ ಗೊತ್ತಿಲ್ವಂತೆ. ಜೈಲಿನವರು ಹಾಡಿದ್ರು, ಹಡಗಿನವರು ಹಾಡಿದ್ರು, ಯಾರೋ ನಾವಿಕ ದೇರಾಕ್ಕೆ ತಂದ. ಆದ್ರೆ ಕೊನೆಯ ನುಡಿ ಮಾತ್ರ ಹಾಡುವವನದ್ದೇ ಆಗಬೇಕು, ಅವನ ಸ್ವಂತ ಸಂಕಟ. ಒಂದು ಸಾಲು ಎರಡು ಸಲ, ಮೂರನೆಯದು ಅದಕ್ಕೆ ಉತ್ತರ. ಪಪ್ಪ ಆ ನುಡಿ ತುಳುವಿನಲ್ಲಿ ಹಾಡ್ತಿದ್ರಂತೆ. ಬ್ಯಾಂಡಿನವರಿಗೆ ಯಾರಿಗೂ ಅರ್ಥ ಗೊತ್ತಿಲ್ಲ. ಇವರಿಗೆ ಬರೀ ಬಾಯಿಪಾಠ.”

“ಅರ್ಥ ನಾನು ಮಾಡ್ಕೊಳ್ತೇನೆ. ಹಾಡ್ಲಿಕ್ಕೆ ಹೇಳು.”

ಚಿತಾಗಾರದವನು ಗಡಿಯಾರ ನೋಡಿದ. ಡಾನಿಲೊ ಕಣ್ಣು ಮುಚ್ಚಿ, ಬೆಂಚಿನ ಮೇಲೆ ಕೈಯಿಂದ ತಾಳ ಹಿಡಿದು, ಒಡಕು ದನಿಯಲ್ಲಿ ಹಾಡಿದ.

“ಬಾಕಿಲ್ ದೆಪ್ಪು ಸ್ವರ್ಣಾ, ಕೈಟ್ ದಾಲಾ ಇಜ್ಜಿ...”

ಬಾಗಿಲು ತೆಗಿ ಸ್ವರ್ಣಾ, ಕೈಯಲ್ಲಿ ಏನೂ ಇಲ್ಲ. ಅದೇ ಸಾಲನ್ನು ಅವನು ಇನ್ನೊಮ್ಮೆ ಹಾಡಿದ. ಆಮೇಲೆ ಬರೀ ತಾಳ.

ಇಪ್ಪತ್ತಾರು ವರ್ಷ, ಕುಡುಕರ ನಡುವೆ, ತನ್ನ ಹೆಸರು. ಅಯ್ಯೋ ದೇವರೇ, ನಾನು ಯಾರನ್ನು ಹೊರಗೆ ನಿಲ್ಲಿಸಿದೆ!

“ಮೂರನೇ ಸಾಲು?” ಎಂದಳು.

ಕೀರ್ತನ್ ಕೇಳಿ ಹೇಳಿದ. “ಇಲ್ವಂತೆ. ಅಲ್ಲಿ ಪಪ್ಪ ಹಾಡ್ತಿರ್ಲಿಲ್ಲ. ಸುಮ್ಮನೆ ಕಾಯ್ತಿದ್ರಂತೆ.”

“ಇನ್ನೊಂದು ಸಲ, ಪ್ಲೀಸ್—”

“ಟೈಮ್ ಖಲಾಸ್, ಅಮ್ಮಾ,” ಎಂದ ಚಿತಾಗಾರದವನು, ಬೇಸರದಿಂದಲೇ. ಜಯಪಾಲ ಮೆಲ್ಲನೆ ಕುಲುಮೆಯ ಒಳಗೆ ಸರಿದ. ಕಬ್ಬಿಣದ ಬಾಗಿಲು ಇಳಿಯಿತು.

ಸ್ವರ್ಣಲತಾ ಮಗನ ಕೈ ಕೊಡವಿ ಓಡಿದಳು. ಎರಡೂ ಮುಷ್ಟಿಯಿಂದ ಆ ಬಾಗಿಲನ್ನು ಬಡಿದಳು.

“ಬಾಕಿಲ್ ದೆಪ್ಪುಲೆ! ಕೇಣುಂಡಾ? ಬಾಕಿಲ್ ದೆಪ್ಪುಲೆ!”

ಬೆಂಚಿನ ಮೇಲೆ ಡಾನಿಲೊನ ಕೈ ಇನ್ನೂ ತಾಳ ಹಾಕುತ್ತಲೇ ಇತ್ತು.